ಹೂರಾದ ಗೋಡೆಯಲ್ಲಿ ಬ್ರಯನ್

ಬಹ್ರೈನಿಗೆ ಹೋಗಿ ಬಂದೆ ಅಂದರೆ ಊರಿನಲ್ಲಿ ಎಲ್ಲರೂ ಕೇಳುವುದು ಚಿನ್ನದ ಅಂಗಡಿ, ಸಮುದ್ರದ ಮೇಲಿನ ಉದ್ದದ ಸೇತುವೆ, ಮರುಭೂಮಿಯಲ್ಲಿ ಒಂಟಿಯಾಗಿ ನಿಂತ ಹಳೆಯ ಮರ ಇವುಗಳ ವಿಷಯ. ಅವನ್ನೆಲ್ಲ ಅಳಿಯ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದ. ನಾನೂ ನೋಡಿದೆ. ಆದರೆ ಅಲ್ಲಿದ್ದಷ್ಟು ದಿನ ನಾನು ಹೆಚ್ಚು ನೋಡಿದ್ದು ಮಗಳ ಮನೆಯ ಒಂದು ಗೋಡೆಯನ್ನು. ಆ ಗೋಡೆಯಲ್ಲಿದ್ದ ಚಿತ್ರದ ಬಗ್ಗೆ ನಾನೊಂದು ಮಾತು ಆಡಿದೆ. ಆಡುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಅದನ್ನು ಬಿಟ್ಟು ಬರೀ ಸೇತುವೆಯ ಬಗ್ಗೆ ಬರೆದರೆ ಮತ್ತೊಂದು ಸುಳ್ಳು ಸೇರಿದಂತಾಗುತ್ತದೆ.

ಹೂರಾ

ಮಗಳು ಐರಿನ್ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಳಿಯ ರೋಶನ್‌ಗೆ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಮನೆ ಇರುವುದು ರಾಜಧಾನಿ ಮನಾಮದ ಹೂರಾದಲ್ಲಿ, ಅಂಗಡಿಗಳ ಮೇಲೆ ಅಂಗಡಿ, ಮನೆಗಳ ಮೇಲೆ ಮನೆ ಇರುವ ಜಾಗ. ಅವರಿಬ್ಬರೂ ಹೊರಟರೆ ಮನೆಯಲ್ಲಿ ನಾನು ಮತ್ತು ಎ.ಸಿ. ಅದನ್ನು ನಿಲ್ಲಿಸಿದರೆ ಬೆವರು, ಹಾಕಿದರೆ ನಡುಕ. ಮರುಭೂಮಿಯ ದೇಶಕ್ಕೆ ಹೋಗಿ ಮಂಕಿ ಕ್ಯಾಪ್ ಹಾಕಿಕೊಂಡು ಸೋಫಾದಲ್ಲಿ ಕುಳಿತವನು ನಾನೊಬ್ಬನೇ ಇರಬೇಕು.

ಮೊದಮೊದಲು ಬೆಳಿಗ್ಗೆ ಕೆಳಗಿಳಿದು ನಡೆಯುತ್ತಿದ್ದೆ. ರಸ್ತೆ ದಾಟಲು ನಿಂತರೆ ಕಾರುಗಳೇ ನಿಲ್ಲುತ್ತಿದ್ದವು. ಊರಿನ ಬಸ್ಸುಗಳಿಗೆ ಹೆದರಿ ಬದುಕಿದ ನನಗೆ ಅದು ನಂಬಿಕೆಯಾಗುತ್ತಿರಲಿಲ್ಲ. ಅವರು ಹೋಗಲಿ ಎಂದು ನಾನು, ನಾನು ಹೋಗಲಿ ಎಂದು ಅವರು. ಕೊನೆಗೆ ಒಬ್ಬ ಅರಬ್ಬಿ ಮುದುಕ ಬಿಳಿ ನಿಲುವಂಗಿ ಎತ್ತಿಕೊಂಡು ಕಾರಿನಿಂದ ಇಳಿದು, ನನ್ನ ಮೊಣಕೈ ಹಿಡಿದು ದಾಟಿಸಿ, ಏನೋ ಹಾರೈಸಿ ಹೋದ. ಅವನು ನನಗಿಂತ ಹಿರಿಯ ಎಂದು ಆಮೇಲೆ ಅನ್ನಿಸಿತು. ಇನ್ನೊಂದು ವಿಚಿತ್ರ, ಅಲ್ಲಿನವರು ಕೋಲ್ಡ್ ಸ್ಟೋರ್ ಅನ್ನುವ ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ. ಅಂಗಡಿಯವನು ಓಡಿ ಬಂದು ಬೇಕಾದ್ದನ್ನು ಕಿಟಕಿಗೇ ತಂದುಕೊಡುತ್ತಾನೆ. ಮೂಡುಬಿದಿರೆಯಲ್ಲಿ ನನ್ನ ಅಂಗಡಿಯ ಮುಂದೆ ಯಾರಾದರೂ ಹಾಗೆ ಹಾರ್ನ್ ಹೊಡೆದಿದ್ದರೆ ಚೌಕಟ್ಟಿನ ಪಟ್ಟಿಯಲ್ಲೇ ಎರಡು ಬಿಗಿಯುತ್ತಿದ್ದೆ.

ನನ್ನದು ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ. ಹೈಸ್ಕೂಲು ಮುಗಿಸಿ ಅಪ್ಪನ ಜೊತೆ ಕುಳಿತವನು ಕಣ್ಣು ಮಂಜಾಗುವವರೆಗೂ ಅಲ್ಲೇ ಇದ್ದೆ. ಆ ಕೆಲಸದಲ್ಲಿ ಒಂದು ಲೆಕ್ಕ ತಾನಾಗಿ ತಲೆಗೆ ಕೂರುತ್ತದೆ. ಮದುವೆಯ ಫೋಟೋದಲ್ಲಿ ಇಬ್ಬರಿರುತ್ತಾರೆ. ಮಕ್ಕಳ ಫೋಟೋದಲ್ಲಿ ಮಕ್ಕಳು ಎಲ್ಲೋ ನೋಡುತ್ತಾರೆ. ಒಬ್ಬನೇ ಒಬ್ಬನ ಮುಖ, ದೊಡ್ಡದಾಗಿ, ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದರೆ ಅದು ದೇವರು, ಇಲ್ಲವೇ ಸಂತರು, ಇಲ್ಲವೇ ತೀರಿಹೋದವರು. ಅಂಥ ಮುಖವನ್ನು ಹಿಡಿದು ಯಾರಾದರೂ ಅಂಗಡಿಗೆ ಬಂದರೆ ನಾವು ರೇಡಿಯೋ ಸಣ್ಣದು ಮಾಡುತ್ತಿದ್ದೆವು.

ಐರಿನ್‌ಳ ಮನೆಯಲ್ಲಿ, ಸೋಫಾದ ಎದುರಿನ ಗೋಡೆಯಲ್ಲಿ ಅಂಥದೇ ಒಂದು ಮುಖ ಇತ್ತು. ಬಾಗಿಲಿನಷ್ಟು ಎತ್ತರದ ಕ್ಯಾನ್ವಾಸ್. ಕಪ್ಪು ಯುವಕ, ನೆಟ್ಟ ನೋಟ, ತಲೆಯ ಹಿಂದೆ ಹಳದಿ ವೃತ್ತ. ಎದೆಯಿಂದ ಕೆಳಗೆ ಕೆಂಪು, ಕಿತ್ತಳೆ ಬಣ್ಣ ಭುಗಿಲೆದ್ದಂತೆ ಎಳೆದಿತ್ತು. ಅದರೊಳಗೆ ಚಿಕ್ಕ ಚಿಕ್ಕ ತಲೆಗಳು, ಬರೀ ತಲೆಗಳು, ಕುತ್ತಿಗೆಗೆ ನಿಂತವು. ಅಲ್ಲಲ್ಲಿ ಹರಿದ ಪೋಸ್ಟರಿನ ಚೂರು ಅಂಟಿಸಿತ್ತು, ಸ್ಪ್ರೇ ಹೊಡೆದು ಬರೆದ ದಪ್ಪ ಅಕ್ಷರಗಳಿದ್ದವು. ಇಷ್ಟು ದೊಡ್ಡ ಚಿತ್ರಕ್ಕೆ ಸುತ್ತ ಒಂದು ಪಟ್ಟಿಯೂ ಇಲ್ಲ. ಅಂಚಿನಲ್ಲಿ ಮೊಳೆ ಕಾಣುತ್ತಿತ್ತು.

"ಇದಕ್ಕೆಂತ ಫ್ರೇಮ್ ಹಾಕ್ಲಿಲ್ಲ?" ಎಂದೆ.

"ಅದು ಹಾಗೇ ಇರುವುದು ಪಪ್ಪಾ. ನನ್ನೊಟ್ಟಿಗೆ ವಾರ್ಡಿನಲ್ಲಿ ಗ್ರೇಸ್ ಅಂತ ಇದ್ದಾಳೆ, ಕೆನ್ಯಾದವಳು. ಅವಳು ಬರೆದದ್ದು. ಅವಳ ಹಾಸ್ಟೆಲ್ ರೂಮಲ್ಲಿ ಇದಕ್ಕೆ ಜಾಗ ಇಲ್ಲ, ಅದಕ್ಕೆ ಇಲ್ಲಿಟ್ಟದ್ದು. ಇವ ಅವಳ ತಮ್ಮ ಬ್ರಯನ್. ನೈರೋಬಿಯಲ್ಲಿ ಬೈಕಿನ ಹಿಂದೆ ಜನ ಕೂರಿಸಿ ಬಾಡಿಗೆ ಹೊಡೆಯುವುದು ಅವನ ಕೆಲಸ. ಭಾರೀ ತಮಾಷೆಯವ, ಫೋನಲ್ಲಿ ನನಗೂ ಪರಿಚಯ ಉಂಟು."

ಬ್ರಯನ್ ಬದುಕಿದ್ದಾನೆ ಎಂದು ನನಗೆ ಗೊತ್ತಾದದ್ದು ಹೀಗೆ. ಇದನ್ನು ನೆನಪಿಡಿ.

ಗ್ರೇಸ್ ಆ ವಾರವೇ ಊಟಕ್ಕೆ ಬಂದಳು. ದೊಡ್ಡ ದನಿಯ, ದಣಿದ ಕಣ್ಣುಗಳ ಹುಡುಗಿ. ಮಂಕಿ ಕ್ಯಾಪ್ ಹಾಕಿದ ನನ್ನನ್ನು ನೋಡಿದ ಕೂಡಲೇ ತಾನೇ ಹೋಗಿ ಎ.ಸಿ. ಕಡಿಮೆ ಮಾಡಿದಳು. ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ, ಚಿತ್ರಕ್ಕೆ ಒಳ್ಳೆಯ ಚಿನ್ನದ ಬಣ್ಣದ ಫ್ರೇಮ್ ಹಾಕಿಕೊಡುತ್ತೇನೆ, ಇಲ್ಲೇ ಎಲ್ಲಾದರೂ ಮರ ಸಿಕ್ಕರೆ ಸಾಕು ಎಂದೆ. ನನ್ನಲ್ಲಿ ಕೊಡುವುದಕ್ಕೆ ಇದ್ದದ್ದು ಅದೊಂದೇ.

ಅವಳು ನಕ್ಕಳು. "ಬೇಡ ಪಪ್ಪಾ. ಫ್ರೇಮ್ ಹಾಕಿದರೆ ಇವನು ಒಳಗೆ ಸಿಕ್ಕಿಕೊಳ್ಳುತ್ತಾನೆ. ಇವನು ರಸ್ತೆಯಲ್ಲಿರುವವನು."

ರೋಶನ್ ನಕ್ಕ. ಐರಿನ್ ನಕ್ಕಳು. ನಾನೂ ನಕ್ಕೆ. ಆದರೆ ಮರುದಿನದಿಂದ ಆ ಚಿತ್ರದ ಎದುರು ಕೂರುವುದು ನನಗೆ ಬೇಸರವಾಗತೊಡಗಿತು. ಇಡೀ ದಿನ ಅವನು ನನ್ನನ್ನು ನೋಡುತ್ತಿದ್ದ, ನಾನು ಅವನ ಅಂಚಿನ ಮೊಳೆಗಳನ್ನು ನೋಡುತ್ತಿದ್ದೆ.

ಅಸ್ಕರ್

ರೋಶನ್‌ಗೆ ರಜೆ ಇದ್ದ ದಿನ ಅಸ್ಕರ್ ಕಡೆ ಕರೆದುಕೊಂಡು ಹೋದ. ಅವನ ಕಾರ್ಖಾನೆಯನ್ನು ದೂರದಿಂದ ತೋರಿಸಿದ. ಬೂದು ಶೆಡ್ಡುಗಳು, ಉದ್ದ ಕೊಳವೆಗಳು, ಆ ಕಡೆ ತಿಳಿ ಹಸಿರು ಸಮುದ್ರ. ಅದು ನಮ್ಮ ಪಣಂಬೂರಿನಂತೆ ಅಬ್ಬರಿಸುವ ಸಮುದ್ರ ಅಲ್ಲ, ತಟ್ಟೆಯಲ್ಲಿ ಹೊಯ್ದಿಟ್ಟಂತೆ ಸುಮ್ಮನೆ ಇರುತ್ತದೆ. ಕಾರಿನಲ್ಲೇ ಕುಳಿತು ಅಲ್ಲಿನ ಗಟ್ಟಿ ಹಾಲಿನ ಕರಕ್ ಚಾ ಕುಡಿದೆವು. ಸೊಂಟ ಹಿಡಿದುಕೊಂಡಿತ್ತು, ನಾನು ಇಳಿಯಲಿಲ್ಲ.

ಅವನ ಜೊತೆ ಕೆಲಸ ಮಾಡುವ ಉಡುಪಿ ಕಡೆಯ ಒಬ್ಬನ ತಾಯಿ ಆ ವಾರ ತೀರಿಹೋಗಿದ್ದರಂತೆ. ಅವನನ್ನು ವಿಮಾನ ಹತ್ತಿಸಿದ್ದು ರೋಶನ್.

"ಪಾಪ, ಭಾರೀ ಅತ್ತನಾ?" ಎಂದೆ.

"ಇಲ್ಲ ಪಪ್ಪಾ, ನಾವು ಹೇಳಲೇ ಇಲ್ಲ. ಇಲ್ಲಿ ಯಾರೂ 'ತೀರಿಹೋದರು' ಅಂತ ಹೇಳುವುದಿಲ್ಲ. ಸ್ವಲ್ಪ ಸೀರಿಯಸ್, ಒಮ್ಮೆ ಹೋಗಿ ಬಾ, ಏನೂ ಆಗುವುದಿಲ್ಲ ಅಂತಲೇ ಹೇಳುವುದು. ಪಾಸ್‌ಪೋರ್ಟ್, ಟಿಕೆಟ್ ಎಲ್ಲ ನಾವೇ ಮಾಡುವುದು. ಒಬ್ಬನೇ ವಿಮಾನದಲ್ಲಿ ಕೂತು ಹೋಗಬೇಕಲ್ಲ."

"ಅವನಿಗೆ ಗೊತ್ತಾಗುವುದಿಲ್ವಾ?"

"ಗೊತ್ತಾಗ್ತದೆ. 'ಏನೂ ಆಗುವುದಿಲ್ಲ' ಅಂತ ನಾಲ್ಕು ಜನ ಹೇಳಿದ ಕೂಡಲೇ ಗೊತ್ತಾಗ್ತದೆ."

ಜಪಸರದ ಸಂಜೆ

ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳು ಅಲ್ಲಿ ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಮಣಿ ಎಣಿಸುತ್ತಾ ಜಪಸರದ ಪ್ರಾರ್ಥನೆ ಹೇಳುತ್ತಾರೆ. ಆ ವಾರ ಐರಿನ್‌ಳ ಸರದಿ. ರೋಶನ್ ಪಾಳಿಯಲ್ಲಿದ್ದ. ಹಿರಿಯರೆಂದರೆ ವಿಮಾನ ನಿಲ್ದಾಣದ ಪಕ್ಕದ ಅರಾದಿನಿಂದ ಬಂದ ಸೆವ್ರಿನ್ ಬಾಯಿ. ಅಲ್ಲಿನ ಶಾಲೆಯೊಂದರಲ್ಲಿ ಬಹಳ ಕಾಲ ಕಲಿಸಿದವರು, ಈಗ ಮಗನ ಮನೆಯಲ್ಲಿದ್ದಾರೆ. ಜಪಸರ ಮುಗಿದು ಐರಿನ್ ಅಡುಗೆಮನೆಗೆ ಹೋಗಿ ಫ್ಯಾನ್ ಹಾಕಿ ಕಟ್ಲೆಟ್ ಕಾಯಿಸುತ್ತಿದ್ದಳು. ಎಲ್ಲರ ಕಣ್ಣೂ ಎದುರಿನ ಗೋಡೆಗೇ ಹೋಗಿತ್ತು.

"ಗ್ರೆಗರಿಬಾಬ್, ನೀವು ಫೋಟೋದವರಲ್ಲವಾ? ಇದೆಂತ ಚಿತ್ರ ಮಾರಾಯ್ರೆ, ಹೇಳಿ ನೋಡುವ," ಎಂದರು ಸೆವ್ರಿನ್ ಬಾಯಿ.

ಆ ಮನೆಗೆ ಬಂದ ಮೇಲೆ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. 'ಉಂಡಿರಾ, ಮಾತ್ರೆ ತೆಗೆದುಕೊಂಡಿರಾ' ಎಂಬುದನ್ನು ಬಿಟ್ಟು.

ನಾನು ಎದ್ದು ನಿಂತೆ. ಸತ್ತವರ ತಿಂಗಳು ನವೆಂಬರಿನಲ್ಲಿ ನಮ್ಮವರು ಫ್ರೇಮ್ ಹಾಕಿಸಲು ತರುತ್ತಿದ್ದ ಒಂದು ಚಿತ್ರ ಇದೆ. ಸ್ವರ್ಗಕ್ಕೆ ಹೋಗುವ ಮೊದಲು ಆತ್ಮಗಳು ಬೆಂಕಿಯಲ್ಲಿ ಶುದ್ಧವಾಗುವ ಜಾಗ, ಕೊಂಕಣಿಯಲ್ಲಿ ಪುರ್ಗತೋರ್ ಅನ್ನುತ್ತೇವೆ, ಅದರ ಚಿತ್ರ. ಮೇಲೆ ಪ್ರಭಾವಳಿ, ಕೆಳಗೆ ಜ್ವಾಲೆ, ಜ್ವಾಲೆಯಲ್ಲಿ ತಲೆಗಳು. ಮೊದಲ ದಿನವೇ ನನಗೆ ಅದರ ನೆನಪಾಗಿತ್ತು.

"ಇದು ತೀರಿಹೋದವನ ಚಿತ್ರ," ಎಂದೆ. "ನೋಡಿ, ತಲೆಯ ಹಿಂದೆ ಪ್ರಭೆ. ಕೆಳಗೆ ಬೆಂಕಿ. ಇವೆಲ್ಲ ಆತ್ಮಗಳು, ಪ್ರಾರ್ಥನೆಗೆ ಕಾಯ್ತಾ ಇರುವುದು. ಆ ಅಕ್ಷರಗಳು ಅವರ ಭಾಷೆಯ ಪ್ರಾರ್ಥನೆ ಇರಬೇಕು. ಕಣ್ಣು ನೋಡಿ, ನಮ್ಮನ್ನೇ ಬೇಡುವ ಕಣ್ಣು."

ಎಷ್ಟು ಚೆನ್ನಾಗಿ ಹೇಳಿದೆ ಎಂದು ನನಗೇ ಅನ್ನಿಸಿತು.

"ಚಿಕ್ಕ ಪ್ರಾಯ, ಪಾಪ. ಯಾರು ಇವ?"

ಇಲ್ಲಿ ನಿಲ್ಲಿಸಬಹುದಿತ್ತು. ನನಗೆ ಹಾಗೆ ಕಂಡಿತು ಅಷ್ಟೇ, ಹುಡುಗ ಗಟ್ಟಿಯಾಗಿದ್ದಾನೆ ಎಂದು ನಕ್ಕುಬಿಡಬಹುದಿತ್ತು. ಆದರೆ ಹಾಗೆಂದಿದ್ದರೆ ಅಷ್ಟು ಹೊತ್ತು ಗಂಭೀರವಾಗಿ ಕೇಳಿದವರೆಲ್ಲ ನಗುತ್ತಿದ್ದರು, ಮತ್ತೊಮ್ಮೆ ನಾನು ನಗೆಪಾಟಲಾಗುತ್ತಿದ್ದೆ.

"ಐರಿನ್‌ಳ ಒಟ್ಟಿಗೆ ಕೆಲಸ ಮಾಡುವ ನರ್ಸ್ ಗ್ರೇಸ್, ಅವಳ ತಮ್ಮ. ಬ್ರಯನ್ ಅಂತ."

"ಎಂತ ಆದದ್ದು?"

"ಬೈಕ್," ಎಂದೆ.

ಅಯ್ಯೋ ದೇವರೇ, ಎಂದು ಹೆಂಗಸರು ಎದೆಗೆ ಕೈ ಇಟ್ಟುಕೊಂಡರು. ಸೆವ್ರಿನ್ ಬಾಯಿ ಅಲ್ಲೇ ಮೊಣಕಾಲೂರಿ ಬ್ರಯನ್‌ನ ಆತ್ಮಕ್ಕಾಗಿ ಪರಲೋಕ ಮಂತ್ರ ಶುರು ಮಾಡಿದರು. ನಾನೂ ಹೇಳಿದೆ. ಬದುಕಿರುವವನ ಆತ್ಮಶಾಂತಿಗೆ, ಗೊತ್ತಿದ್ದೂ, ಆಮೆನ್ ಎನ್ನುವವರೆಗೆ ಹೇಳಿದೆ. ಅಡುಗೆಮನೆಯ ಫ್ಯಾನ್ ಗುಯ್ಯೆನ್ನುತ್ತಿತ್ತು, ಐರಿನ್‌ಗೆ ಏನೂ ಕೇಳಿಸಿರಲಿಲ್ಲ. ಐರಿನ್ ಕಟ್ಲೆಟ್ ತಂದಾಗ ಎಲ್ಲರೂ ಏನೂ ಆಗದವರಂತೆ ಕುಳಿತಿದ್ದರು. ಸಾವಿನ ಮಾತನ್ನು ತಿಂಡಿಯ ಹೊತ್ತಿಗೆ ಎತ್ತಬಾರದು ಎಂಬುದು ನಮ್ಮವರ ಮರ್ಯಾದೆ.

ಶುಕ್ರವಾರ, ಮನಾಮದ ಇಗರ್ಜಿ

ಅಲ್ಲಿ ವಾರದ ರಜೆ ಶುಕ್ರವಾರ, ಆದ್ದರಿಂದ ಚರ್ಚಿನಲ್ಲಿ ಭಾನುವಾರದ ಪೂಜೆಯನ್ನು ಆ ದಿನವೂ ಇಡುತ್ತಾರೆ. ಇಂಗ್ಲಿಷ್ ಪೂಜೆಗೆ ಗ್ರೇಸ್ ನಮ್ಮ ಕಾರಿನಲ್ಲೇ ಬಂದಳು. ದಾರಿಯುದ್ದಕ್ಕೂ ಫೋನು ನೋಡುತ್ತಿದ್ದಳು. ಬ್ರಯನ್ ನಿನ್ನೆಯಿಂದ ಫೋನ್ ಎತ್ತುತ್ತಿಲ್ಲ, ಸೋಮಾರಿ, ಎಂದಳು. ಇಗರ್ಜಿಯೊಳಗೆ ಇದ್ದಷ್ಟು ಬಗೆಯ ಜನರನ್ನು ಒಂದೇ ಸೂರಿನಡಿ ನಾನು ನೋಡಿದ್ದಿಲ್ಲ. ಫಿಲಿಪ್ಪೀನ್ಸಿನವರು, ಗೋವಾದವರು, ಕೇರಳದವರು, ಆಫ್ರಿಕದವರು. ಬೆಂಚಿನಲ್ಲಿ ಮೊದಲು ಐರಿನ್, ನಡುವೆ ಗ್ರೇಸ್, ತುದಿಯಲ್ಲಿ ನಾನು. ರೋಶನ್ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಹೊರಗಿದ್ದ.

ಪೂಜೆಗೆ ಮೊದಲು, ಅದನ್ನು ಯಾರಿಗಾಗಿ ಅರ್ಪಿಸುತ್ತಾರೆ ಎಂದು ಮೈಕಿನಲ್ಲಿ ಓದುತ್ತಾರೆ. ಹುಟ್ಟುಹಬ್ಬ, ಮದುವೆಯ ವರ್ಷ, ಆಮೇಲೆ ಸತ್ತವರ ಹೆಸರು. ನಾನು ಅರೆನಿದ್ದೆಯಲ್ಲಿದ್ದೆ.

"ನರ್ಸ್ ಗ್ರೇಸ್ ಅವರ ತಮ್ಮ, ನೈರೋಬಿಯ ಬ್ರಯನ್ ಅವರ ಆತ್ಮದ ಚಿರಶಾಂತಿಗಾಗಿ. ಕೋರಿದವರು ಜಪಸರದ ಬಂಧುಗಳು."

ಸೆವ್ರಿನ್ ಬಾಯಿ ಒಳ್ಳೆಯ ಮನಸ್ಸಿನಿಂದ ಹೇಳಿಸಿದ್ದ ಪೂಜೆ ಅದು.

ಗ್ರೇಸ್ ಮೊದಲು ತಿರುಗಿ ನೋಡಿದ್ದು ಐರಿನ್‌ಳನ್ನು. ಐರಿನ್ ಬಾಯಿ ತೆರೆದುಕೊಂಡಿದ್ದಳು. ಗ್ರೇಸ್ ಎದ್ದು, ನನ್ನ ಮೊಣಕಾಲುಗಳನ್ನು ದಾಟಿ ಹೊರಗೆ ನಡೆದಳು. ಐರಿನ್ ಹಿಂದೆ ಓಡಿದಳು. ಹಾಡು ಶುರುವಾಯಿತು.

ನಾನು ಅವರ ಹಿಂದೆ ಹೋಗಲಿಲ್ಲ. ಮಂಡಿನೋವು ಎಂದು ಬರೆಯಬಹುದು, ಆದರೆ ಹಾಡಿಗೆ ಎದ್ದು ನಿಲ್ಲುವಾಗ ಮಂಡಿ ನೋಯಲಿಲ್ಲ. ಹೊರಗೆ ಹೋದರೆ ಹೇಳಬೇಕಾಗುತ್ತದೆ, ಒಳಗಿದ್ದರೆ ಐರಿನ್ ಹೇಗಾದರೂ ಸಮಾಧಾನ ಮಾಡಿಯಾಳು ಎಂದುಕೊಂಡೆ. ಬೈಬಲಿನ ಮೊದಲ ವಾಚನ ಮುಗಿಯುವವರೆಗೆ ಹಾಗೇ ನಿಂತೆ, ಕುಳಿತೆ. ಒಬ್ಬ ಹುಡುಗಿಯ ತಮ್ಮನನ್ನು ಕೊಂದು ನಾನು ಬೆಂಚಿನಲ್ಲಿ ಕುಳಿತಿದ್ದೆ.

ಹೊರಗೆ ಬಂದಾಗ ಗ್ರೇಸ್ ಗೋಡೆಯ ನೆರಳಿನಲ್ಲಿ ನೆಲದ ಮೇಲೆ ಕುಳಿತಿದ್ದಳು. ಕಿವಿಯಲ್ಲಿ ಫೋನು. ಯಾರೂ ಎತ್ತುತ್ತಿರಲಿಲ್ಲ. ಐರಿನ್ ಅವಳ ಮುಂದೆ ಕೂತು, "ಅವನಿಗೆ ಏನೂ ಆಗಿಲ್ಲ ಗ್ರೇಸ್, ಎಲ್ಲೋ ತಪ್ಪಾಗಿದೆ, ಅವನು ಚೆನ್ನಾಗಿದ್ದಾನೆ," ಎನ್ನುತ್ತಿದ್ದಳು. ಓಡಿ ಬಂದ ರೋಶನ್ ಕೂಡ ಅದನ್ನೇ ಹೇಳಿದ. "ಏನೂ ಆಗಿಲ್ಲ."

ಗ್ರೇಸ್ ಅಳುತ್ತಿರಲಿಲ್ಲ. "ನಾನೂ ನರ್ಸ್," ಎಂದಳು. "ನಾನೂ ಎಷ್ಟೋ ಜನರಿಗೆ ಹೀಗೇ ಹೇಳಿದ್ದೇನೆ. ನನ್ನ ಅಪ್ಪ ತೀರಿಕೊಂಡಾಗಲೂ, ಅವರು ಚೆನ್ನಾಗಿದ್ದಾರೆ ಎಂದೇ ಎಲ್ಲರೂ ಹೇಳಿದರು, ಟಿಕೆಟ್ ಕೈಗೆ ಕೊಡುವವರೆಗೆ. ಟಿಕೆಟ್ ಆಗಿದೆಯಾ ರೋಶನ್? ನಿಜ ಹೇಳು."

ರೋಶನ್ ತಲೆ ತಗ್ಗಿಸಿದ. ಅವನು ಏನನ್ನೂ ಬಚ್ಚಿಡುತ್ತಿರಲಿಲ್ಲ. ಆದರೆ ತಗ್ಗಿಸಿದ ಆ ತಲೆಯನ್ನು ನೋಡಿ ಅವಳ ಮುಖ ಬೂದಿಯಾಯಿತು. ಅವರು ಇಲ್ಲ ಇಲ್ಲ ಎಂದಷ್ಟೂ ಅವಳ ಪಾಲಿಗೆ ಬ್ರಯನ್ ಹೆಚ್ಚು ಹೆಚ್ಚು ಸಾಯುತ್ತಿದ್ದ.

"ನಾನು ಹೇಳಿದ್ದು," ಎಂದೆ. "ಸತ್ತ ಅಂತ ನಾನು ಹೇಳಿದ್ದು."

ಅವಳು ನನ್ನ ಕಡೆ ತಿರುಗಿದಳು. "ನಿಮಗೆ ಯಾರು ಹೇಳಿದರು?"

"ಯಾರೂ ಇಲ್ಲ. ನಾನೇ ಸುಳ್ಳು ಹೇಳಿದೆ."

"ಯಾರಾದರೂ ಅಂಥ ಸುಳ್ಳು ಹೇಳುತ್ತಾರಾ? ಪಪ್ಪಾ, ನೀವು ಒಳ್ಳೆಯವರು. ನನಗೆ ಸಮಾಧಾನ ಮಾಡಬೇಡಿ."

ನಾನು ಒಳ್ಳೆಯವನು ಎಂದು ಅವಳು ನಂಬಿದ್ದರಿಂದಲೇ ನನ್ನ ಮಾತು ಅವಳಿಗೆ ತಲುಪುತ್ತಿರಲಿಲ್ಲ. ಐರಿನ್ ನನ್ನನ್ನೇ ನೋಡುತ್ತಿದ್ದಳು. ಮಗಳ ಎದುರು, ಅಳಿಯನ ಎದುರು ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಹೆಕ್ಕಿ ಹೇಳಿದೆ. "ನಾನು ಫ್ರೇಮ್ ಹಾಕುತ್ತೇನೆ ಎಂದೆ. ನೀನು ಬೇಡ ಎಂದೆ. ಎಲ್ಲರೂ ನಕ್ಕಿರಿ. ನನಗೆ ಸಿಟ್ಟು ಬಂತು. ಆಮೇಲೆ ಜಪಸರಕ್ಕೆ ಬಂದವರು ಚಿತ್ರದ ಅರ್ಥ ಕೇಳಿದರು. ನಾನು ದೊಡ್ಡ ಜನ ಆಗಬೇಕು ಅಂತ ಹೇಳಿದೆ. ಅವನು ಇದ್ದಾನೆ ಅಂತ ನನಗೆ ಗೊತ್ತಿತ್ತು."

"ಫ್ರೇಮಿಗಾಗಿ?" ಎಂದಳು ಗ್ರೇಸ್.

"ಫ್ರೇಮಿಗಾಗಿ."

ಅವಳು ನನ್ನ ಮುಖ ನೋಡಿದಳು. ಒಬ್ಬರನ್ನು ಸಮಾಧಾನ ಮಾಡಲು ಯಾರೂ ಇಷ್ಟು ಸಣ್ಣ ಕಾರಣವನ್ನು ಕಟ್ಟಿ ಹೇಳುವುದಿಲ್ಲ. ಅದು ಅವಳಿಗೆ ಹೊಳೆದದ್ದು ನನಗೆ ಕಾಣಿಸಿತು. ಆಗ ಅವಳು ಅತ್ತಳು. ಐರಿನ್‌ಳ ಭುಜಕ್ಕೆ ಮುಖ ಒತ್ತಿ, ಒಳಗಿನ ಹಾಡಿಗಿಂತ ಜೋರಾಗಿ ಅತ್ತಳು.

ಬ್ರಯನ್ ಸಂಜೆಯ ಮೊದಲು ಫೋನ್ ಮಾಡಿದ. ಫೋನು ನೀರಿಗೆ ಬಿದ್ದು ರಿಪೇರಿಗೆ ಕೊಟ್ಟಿದ್ದನಂತೆ. ಗ್ರೇಸ್ ತನ್ನ ಭಾಷೆಯಲ್ಲಿ ಬೈಯುತ್ತಿದ್ದಳು ಎಂದು ಐರಿನ್ ಹೇಳಿದಳು. ನನ್ನ ಜೊತೆ ಅಂದು ಮಗಳು ಆಡಿದ ಮಾತು ಅದೊಂದೇ.

ಮತ್ತೆ ಹೂರಾ

ಎರಡು ದಿನ ಕಳೆದು ಗ್ರೇಸ್ ಚಿತ್ರ ಒಯ್ಯಲು ಬಂದಳು. ವಿಷಯ ತಿಳಿದು ನಾಚಿಕೊಂಡ ಸೆವ್ರಿನ್ ಬಾಯಿ, ಅರಾದಿನಲ್ಲಿ ಮಗನ ಮನೆಯ ದೊಡ್ಡ ಗೋಡೆ ಖಾಲಿ ಇದೆ, ಅಲ್ಲಿರಲಿ ಎಂದಿದ್ದರು. ಲಿಫ್ಟಿನಲ್ಲಿ ಅದು ಹಿಡಿಸಲಿಲ್ಲ. ಮೆಟ್ಟಿಲಿನಲ್ಲಿ ಒಂದು ತುದಿ ಅವಳು, ಒಂದು ತುದಿ ನಾನು. ಪ್ರತಿ ಮಹಡಿಯಲ್ಲಿ ನಾನು ಏದುಸಿರು ಬಿಡುತ್ತಾ ನಿಂತಾಗ ಅವಳೂ ನಿಲ್ಲುತ್ತಿದ್ದಳು, ಬೇರೆಲ್ಲೋ ನೋಡುತ್ತಾ.

ಕೆಳಗೆ ಪಿಕಪ್ ಗಾಡಿಗೆ ಕಾಯುವಾಗ ಚಿತ್ರವನ್ನು ಗೋಡೆಗೆ ಒರಗಿಸಿದೆವು. ನಾನೇ ಕೇಳಿದೆ, ಇದು ಪ್ರಭಾವಳಿ ಅಲ್ಲದಿದ್ದರೆ ಏನು?

"ಕೊಡೆ," ಎಂದಳು. "ಅಲ್ಲಿನ ಬಾಡಿಗೆ ಬೈಕಿನವರು ಬೈಕಿಗೆ ದೊಡ್ಡ ಕೊಡೆ ಕಟ್ಟಿಕೊಳ್ಳುತ್ತಾರೆ, ಬಿಸಿಲಿಗೆ, ಮಳೆಗೆ. ಎದುರಿನಿಂದ ಬರುವಾಗ ಹೀಗೇ ಕಾಣುತ್ತದೆ. ಅಕ್ಷರ ಅಲ್ಲಿನ ಬಸ್ಸುಗಳ ಮೇಲೆ ಬರೆಸುವ ಹೆಸರು."

"ಈ ತಲೆಗಳು?"

ಅವಳು ರಸ್ತೆಯ ಆಚೆ ಬೆರಳು ತೋರಿಸಿದಳು. ಅಲ್ಲೊಂದು ಕ್ಷೌರದ ಅಂಗಡಿ. ಅದರ ಗಾಜಿನ ಮೇಲೆ ಬಗೆಬಗೆಯ ಕ್ರಾಪಿನ ತಲೆಗಳು ಸಾಲಾಗಿದ್ದವು, ಬರೀ ತಲೆಗಳು, ಕುತ್ತಿಗೆಗೆ ನಿಂತವು. ಅವಳ ತುಟಿ ಸ್ವಲ್ಪ ಅಲುಗಿತು. ನಗುವೋ ಏನೋ ಗೊತ್ತಾಗಲಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಅರಾದ್

ಮುಂದಿನ ಜಪಸರ ಅರಾದಿನಲ್ಲಿ. ಅಲ್ಲಿ ಎಲ್ಲರೆದುರು ನೀವೇ ಹೇಳಬೇಕು ಎಂದು ಐರಿನ್ ಹೇಳಿದ್ದಳು, ಕಾರಿನಲ್ಲಿ, ನನ್ನ ಕಡೆ ನೋಡದೆ. ವಿಮಾನಗಳು ಮನೆಯ ನೆತ್ತಿಗೇ ಬರುವ ಜಾಗ ಅದು. ಪ್ರತಿ ಐದಾರು ವಾಕ್ಯಕ್ಕೆ ಒಂದು ವಿಮಾನ ಹೋಗುತ್ತಿತ್ತು, ನಾನು ನಿಲ್ಲಿಸಿ ಮತ್ತೆ ಶುರು ಮಾಡಬೇಕಾಗುತ್ತಿತ್ತು. ತಪ್ಪು ಒಪ್ಪಿಕೊಳ್ಳುವುದು ಅಷ್ಟು ಉದ್ದವಾಗುತ್ತದೆ ಎಂದು ತಿಳಿದಿರಲಿಲ್ಲ. ಗ್ರೇಸ್ ಹಿಂದೆ, ಬಾಗಿಲ ಹತ್ತಿರ ಕುಳಿತಿದ್ದಳು. ಬ್ರಯನ್ ಎದುರಿನ ಗೋಡೆಯಲ್ಲಿದ್ದ.

ಮುಗಿದಾಗ ಸೆವ್ರಿನ್ ಬಾಯಿ ಕನ್ನಡಕ ತೆಗೆದು ಒರೆಸಿಕೊಂಡರು.

"ಹಾಗಾದ್ರೆ ನಾವು ಮೊಣಕಾಲೂರಿ ಮಾಡಿದ ಪ್ರಾರ್ಥನೆ ಯಾರಿಗೆ ಹೋಯ್ತು, ಗ್ರೆಗರಿಬಾಬ್?"

"ಪಪ್ಪನಿಗೇ ಇರಲಿ ಬಿಡಿ ಬಾಯಿ," ಎಂದ ರೋಶನ್. "ಮುಂದಕ್ಕೆ ಬೇಕಾಗ್ತದೆ."

ಯಾರೋ ನಕ್ಕರು. ಐರಿನ್ ನಗಲಿಲ್ಲ, ಆದರೆ ನನ್ನ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ನನಗೆ ಅಷ್ಟು ಸುಸ್ತಾಗಿತ್ತು ಎಂದು ಕುಳಿತ ಮೇಲೆಯೇ ತಿಳಿದದ್ದು.

ಸೆವ್ರಿನ್ ಬಾಯಿ ಎದ್ದು ಹೋಗಿ ಚಿತ್ರದ ಮುಂದೆ ನಿಂತರು. ಮೇಷ್ಟ್ರಮ್ಮನಲ್ಲವೇ, ಬಿಡುವವರಲ್ಲ. "ಸರಿ, ಇದು ಕೊಡೆ, ಇದು ಕಟಿಂಗ್ ಅಂಗಡಿ. ಆದ್ರೆ ಈ ಕೆಂಪು? ಇಷ್ಟೂ ಕೆಂಪು ಎಂತಕ್ಕೆ? ಬೆಂಕಿ ಅಲ್ಲದಿದ್ರೆ ಎಂತ ಇದು?"

ಎಲ್ಲರೂ ಮತ್ತೆ ನನ್ನ ಕಡೆಗೇ ನೋಡಿದರು, ಅಭ್ಯಾಸಬಲದಿಂದ. ಒಂದು ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸಂಜೆಯ ಬಿಸಿಲು ಎನ್ನಬಹುದಿತ್ತು, ಮಣ್ಣಿನ ರಸ್ತೆ ಎನ್ನಬಹುದಿತ್ತು, ಎರಡೂ ಕೇಳಲು ಚೆನ್ನಾಗಿಯೇ ಇರುತ್ತಿದ್ದವು.

"ನನಗೆ ಗೊತ್ತಿಲ್ಲ ಬಾಯಿ," ಎಂದೆ. "ಬರೆದವಳು ಅಲ್ಲಿ ಕೂತಿದ್ದಾಳೆ. ಅವಳನ್ನೇ ಕೇಳಿ."

ಕುರ್ಚಿಗಳು ಒಂದೊಂದಾಗಿ ಬಾಗಿಲ ಕಡೆ ತಿರುಗಿದವು. ಗ್ರೇಸ್ ಎದ್ದು ಚಿತ್ರದ ಹತ್ತಿರ ಬಂದಳು.